ಜೀಪ್ ಶೆಡ್ಡಿನ ಮಾತಾಡೋ ಕಲ್ಲು

ನಾನು ಒಂದು ಚಪ್ಪಡಿ ಕಲ್ಲು. ಉದ್ದ ಏಳಡಿ, ಅಗಲ ಎರಡಡಿ, ದಪ್ಪ ನಾಲ್ಕು ಬೆರಳು. ಸಾಮಾನ್ಯವಾಗಿ ವಸ್ತುಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವೆ. ನಾನು ಮೂವತ್ತೆಂಟು ವರ್ಷ ಮೇಲಿನಿಂದ ನೋಡಿದವನು. ಯಾರ ತಲೆ ಯಾವಾಗ ಬೋಳಾಯಿತು ಎನ್ನುವುದು ನನಗೆ ಗೊತ್ತಿರುವಷ್ಟು ಅವರ ಹೆಂಡತಿಯರಿಗೂ ಗೊತ್ತಿರಲಾರದು.

ನಾನು ಹುಟ್ಟಿದ್ದು ಮುಳಬಾಗಿಲಿನ ಹೊರಗಿನ ಒಂದು ಬಂಡೆಯಲ್ಲಿ. ಯಲ್ಲಬೋವಿ ಎಂಬ ಕಲ್ಲು ಕೆಲಸದವನು ಬಂಡೆಯ ಮೇಲೆ ಸೌದೆ ಉರಿಸಿದ. ಕಲ್ಲು ಕಾದು ಪದರ ಬಿಟ್ಟ ಮೇಲೆ ಸಾಲಾಗಿ ಉಳಿ ಇಟ್ಟು ಹೊಡೆದು ನನ್ನನ್ನು ಬೇರೆ ಮಾಡಿದ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟು ಕಿವಿಗೊಟ್ಟ. ನಾನು ‘ಗಣ್’ ಎಂದೆ.

"ಇದು ಮಾತಾಡೋ ಕಲ್ಲು," ಎಂದ.

ಪಕ್ಕದ ಚಪ್ಪಡಿಗೂ ಹೊಡೆದ. ಅದು ‘ದಡ್’ ಎಂದಿತು. "ಮೂಗ. ಒಳಗೆ ಬಿರುಕು ಅದೆ," ಎಂದು ಅದನ್ನು ಚರಂಡಿ ಮುಚ್ಚಲು ಕಳಿಸಿದ. ಹುಟ್ಟಿದ ದಿನವೇ ಪರೀಕ್ಷೆ ಪಾಸಾದ ಜಂಬ ನನಗೆ ಇಂದಿಗೂ ಇದೆ, ಸುಳ್ಳೇಕೆ ಹೇಳಲಿ.

ನಮ್ಮನ್ನು ಕೊಂಡವರು ರಸ್ತೆ ಕಂಟ್ರಾಕ್ಟರ್ ಸೊಣ್ಣಪ್ಪನವರು. ಹೊಸ ಜೀಪಿಗೆ ಮನೆಯ ಮಗ್ಗುಲಲ್ಲೇ ಶೆಡ್ಡು ಕಟ್ಟಿಸಿದರು. ನಾವು ಹದಿನಾರು ಚಪ್ಪಡಿಗಳು, ಎಂಟೆಂಟರ ಎರಡು ಸಾಲು. ನಡುವೆ ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ಒಂದು ಹಳೆಯ ರೈಲು ಕಂಬಿ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಗೋಡೆಯ ಮೇಲೆ, ಇನ್ನೊಂದು ತುದಿ ಆ ಕಂಬಿಯ ಮೇಲೆ. ನನಗೆ ಸಿಕ್ಕಿದ್ದು ಹಿಂದಿನ ಗೋಡೆಗೆ ತಾಗಿದ ಮೂಲೆ. ಸಂದಿಗಳಿಗೆ ಗಾರೆ ತುಂಬಿದರು. ನೀರು ಹರಿದುಹೋಗಲು ಇಳಿಜಾರು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಜೀಪಿಗೆ ನಾಲ್ಕು ಹನಿ ಬಿದ್ದರೇನು ಎಂದು ಮಟ್ಟಸವಾಗಿ ಮಲಗಿಸಿಬಿಟ್ಟರು.

ಇಪ್ಪತ್ತೈದು ವರ್ಷ ನಾನು ಜೀಪಿನ ಟಾರ್ಪಾಲನ್ನು ನೋಡುತ್ತಾ ಕಳೆದೆ. ಜೀಪು ಮಾತುಗಾರನಲ್ಲ, ಹೊಗೆ ಮಾತ್ರ ಬಹಳ. ಸೊಣ್ಣಪ್ಪನವರಿಗೆ ಮಂಡಿ ನೋವು ಬಂದು ಅದನ್ನು ಮಾರಿದ ಮೇಲೆ ಎಂಟು ವರ್ಷ ಶೆಡ್ಡಿನಲ್ಲಿ ಹರಿದ ಟೈರು, ತುಕ್ಕು ಹಿಡಿದ ಬಾಂಡ್ಲಿ, ಎರಡು ಬೆಕ್ಕು ಉಳಿದವು.

ಆಗ ಪಂಕಜಾಕ್ಷಿ ಟೀಚರ್ ಬಂದರು. ಊರಿನಲ್ಲಿ ಅವರ ಶಿಶುವಿಹಾರಕ್ಕೆ ಜಾಗ ಕೊಡುವವರೇ ಇರಲಿಲ್ಲ. ಮಕ್ಕಳ ಗಲಾಟೆ ಎಂದರೆ ಯಾರಿಗೂ ಆಗದು. ಸೊಣ್ಣಪ್ಪನವರಿಗೆ ಕಿವಿ ಸ್ವಲ್ಪ ಮಂದವಾಗಿದ್ದರಿಂದ ಒಪ್ಪಿದರು. ಜೀಪಿನ ದೊಡ್ಡ ಬಾಗಿಲಿದ್ದ ಕಡೆ ಗೋಡೆ ಎದ್ದಿತು, ಕಿಟಕಿ ಬಂತು, ನೆಲಕ್ಕೆ ರೆಡ್‌ಆಕ್ಸೈಡ್ ಬಿತ್ತು. ರೈಲು ಕಂಬಿಗೆ ಚೆಂದ ಕಾಣಲೆಂದು ನೀಲಿ ಪೇಂಟು ಬಳಿದರು. ನನ್ನ ಕೆಳಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ ಇಪ್ಪತ್ತು ಪುಟ್ಟ ತಲೆಗಳು ಬಂದು ಕೂತವು. ಅಂದಿನಿಂದ ನಾನು ಹೊತ್ತ ಭಾರದ ಅರ್ಥವೇ ಬೇರೆಯಾಯಿತು.

ಜೀಪಿನ ಮೇಲೆ ಬಿದ್ದರೆ ಯಾರೂ ಕೇಳದ ಹನಿ ಮಕ್ಕಳ ಸ್ಲೇಟಿನ ಮೇಲೆ ಬಿದ್ದಾಗ ದೂರಾಯಿತು. ಸೊಣ್ಣಪ್ಪನವರದು ಒಂದೇ ಮದ್ದು. "ಸೋರ್ತದಾ? ಮೇಲೊಂದು ಕೋಟ್ ಸಿಮೆಂಟ್ ಎಳೆಸ್ತೀನಿ ಬಿಡಮ್ಮ." ಒಂದು ಬೇಸಿಗೆ ಒಂದು ಕೋಟು, ಮುಂದಿನ ಬೇಸಿಗೆ ಇನ್ನೊಂದು. ಬಿಸಿಲಿಗೆ ಅದು ಬಿರಿಯುವುದು, ಮಳೆಗೆ ಮತ್ತೆ ಸೋರುವುದು. ಹೀಗೆ ನನ್ನ ಮೈಮೇಲೆ ನಾಲ್ಕು ಅಂಗಿ ಏರಿದವು. ಬೈಗುಳ ಮಾತ್ರ ನನಗೆ. "ಹಳೇ ಕಲ್ಲು, ಸೋರ್ತದೆ," ಎನ್ನುತ್ತಿದ್ದರು. ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಹಿಡಿದ ಹಾಗೆ.

ನೀರು ಹೋಗುತ್ತಿದ್ದುದು ನನಗೂ ಹಿಂದಿನ ಗೋಡೆಗೂ ನಡುವಿನ ಸಂದಿಯಲ್ಲಿ. ಅಲ್ಲೇ ರೈಲು ಕಂಬಿಯ ತುದಿ ಗೋಡೆಯೊಳಗೆ ಕೂತಿತ್ತು. ನೀಲಿ ಪೇಂಟಿನ ಒಳಗೆ ಅದು ತುಕ್ಕು ತಿಂದು ಸವೆಯುತ್ತಿತ್ತು. ಒಂದು ವರ್ಷ ನನ್ನ ಆ ತುದಿಯ ಆಸರೆ ಕೂದಲೆಳೆಯಷ್ಟು ಕೆಳಗಿಳಿಯಿತು. ಮರುವರ್ಷ ಇನ್ನಷ್ಟು. ಕೆಳಗೆ ಮಕ್ಕಳು ಕೈತಟ್ಟಿ ಮಗ್ಗಿ ಹೇಳುತ್ತಿದ್ದರು. ನನಗೆ ಭಯವಾಗುತ್ತಿತ್ತು. ಕಲ್ಲಿಗೆಂಥ ಭಯ ಎನ್ನಬೇಡಿ. ಬೀಳುವುದು ನಾನು, ಸಾಯುವುದು ಅವರು. ಕೂಗೋಣವೆಂದರೆ ಬಾಯಿಲ್ಲ. ಹೊಡೆದರೆ ಮಾತ್ರ ನುಡಿಯುವ ಜಾತಿ ನಮ್ಮದು, ಮತ್ತು ನಾಲ್ಕು ಅಂಗಿಯ ಮೇಲೆ ಹೊಡೆಯುವವರು ಯಾರು?

ಯುಗಾದಿ ಕಳೆದ ಮೇಲೆ ಐದನೆಯ ಕೋಟು ಎಳೆಯಲು ಹನುಮಕ್ಕ ಬಂದಳು. ಇವಳು ಯಲ್ಲಬೋವಿಯ ಸೊಸೆ, ಮಾವನಿಂದಲೇ ಕೆಲಸ ಕಲಿತವಳು. "ಹಳೇದನ್ನ ಕೀಳ್ದೆ ನಾನು ಹೊಸದು ಹಾಕಲ್ಲ," ಎಂದು ಮೊದಲೇ ಹೇಳಿದಳು. ಎರಡು ದಿನ ಕೂತು ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದಳು. ನಾಲ್ಕು ವರ್ಷಗಳ ಮೇಲೆ ನನ್ನ ಮೈಗೆ ಗಾಳಿ ತಾಗಿತು. ಆಮೇಲೆ ಅಭ್ಯಾಸಬಲದಿಂದ ಅವಳು ಒಂದೊಂದೇ ಚಪ್ಪಡಿಗೆ ಸುತ್ತಿಗೆ ತಾಗಿಸುತ್ತಾ ಬಂದಳು. ಗಣ್, ಗಣ್, ಗಣ್. ನನ್ನ ಸರದಿ ಬಂತು.

ನಾನು ‘ದಡ್’ ಎಂದೆ.

ಅವಳು ಇನ್ನೊಮ್ಮೆ ಹೊಡೆದಳು. ಬಿರುಕು ಹುಡುಕಿ ನನ್ನ ಮೈಯೆಲ್ಲ ಸವರಿದಳು. ಬಿರುಕಿದ್ದರೆ ತಾನೇ ಸಿಗುವುದು? ಏಣಿ ಇಳಿದು ಸೊಣ್ಣಪ್ಪನವರ ಮುಂದೆ ನಿಂತಳು.

"ಯಜಮಾನ್ರೇ, ಆ ಮೂಲೆ ಕಲ್ಲು ಮಾತಾಡ್ತಿಲ್ಲ."

"ವಯಸ್ಸಾಯ್ತಲ್ಲಮ್ಮ. ನಂಗೂ ಕಿವಿ ಹೋಗಿಲ್ವಾ?"

"ವಯಸ್ಸಾದ್ರೆ ಕಲ್ಲು ಮೂಗಾಗಲ್ಲ. ಕಲ್ಲು ಸರಿಯಾಗೇ ಅದೆ. ಅದರ ಕೆಳಗೆ ಏನೋ ಇಲ್ಲ." ಮತ್ತೆ ಕಿಟಕಿಯ ಕಡೆ ತಿರುಗಿ, "ಟೀಚರಮ್ಮ, ಮಕ್ಕಳನ್ನ ಆಚೆ ಕರ್ಕೊಳ್ಳಿ. ಈಗ್ಲೇ," ಎಂದಳು.

ಮಕ್ಕಳು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಸಾಲಾಗಿ ಹೊಂಗೆ ಮರದ ಕೆಳಗೆ ಹೋದರು. ಪಂಕಜಾಕ್ಷಿ ಟೀಚರ್ ಎರಡು ಸಲ ತಲೆ ಎಣಿಸಿದರು. ಹನುಮಕ್ಕ ಒಳಗೆ ಬಂದು ದೂರದಲ್ಲೇ ನಿಂತು ಹಾರೆಯ ತುದಿಯಿಂದ ಕಂಬಿಯ ಕೊನೆಯನ್ನು ಮುಟ್ಟಿದಳು. ನೀಲಿ ಪೇಂಟು ಸಿಪ್ಪೆಯಂತೆ ಸುಲಿದು ಬಂತು. ಒಳಗಿನಿಂದ ರಾಗಿ ಹಿಟ್ಟು ಸುರಿದ ಹಾಗೆ ತುಕ್ಕು ಸುರಿಯಿತು. ಉಳಿದ ಕಬ್ಬಿಣ ಹೆಬ್ಬೆಟ್ಟಿನಷ್ಟು.

ಸೊಣ್ಣಪ್ಪನವರು ಬಾಗಿಲಲ್ಲೇ ಕುಕ್ಕರಿಸಿದರು. "ನಾಲ್ಕು ವರ್ಷ ನಾನೇ ಮೇಲೆ ಭಾರ ಹೇರಿದ್ನಲ್ಲ," ಎಂದರು.

ನಮ್ಮನ್ನು ಹಗ್ಗ ಕಟ್ಟಿ ಒಬ್ಬೊಬ್ಬರನ್ನಾಗಿ ಇಳಿಸಿದರು. ಮಕ್ಕಳ ಪಾಠ ಎರಡು ತಿಂಗಳು ಹೊಂಗೆಯ ನೆರಳಲ್ಲೇ ನಡೆಯಿತು. ಶೆಡ್ಡಿಗೆ ಹೊಸ ತೊಲೆ, ಅದರ ಮೇಲೆ ಆರ್‌ಸಿಸಿ ತಾರಸಿ ಬಂತು. ಈ ಸಲ ಮೇಸ್ತ್ರಿ ಹಿಂದಕ್ಕೆ ವಾಟ ಕೊಟ್ಟ, ಅಂದರೆ ಕಣ್ಣಿಗೆ ಕಾಣದಷ್ಟು ಇಳಿಜಾರು, ಕೊನೆಗೊಂದು ಪೈಪು. ಮೊದಲ ಮಳೆಗೆ ಟೀಚರ್ ಒಳಗೆ ನಿಂತು ಮೇಲೆ ನೋಡುತ್ತಲೇ ಇದ್ದರು. ಒಂದು ಹನಿಯೂ ಬೀಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸಮಾಧಾನವೂ ಆಯಿತು.

ನನ್ನ ಜೊತೆಯವರಲ್ಲಿ ಕೆಲವರು ಬಟ್ಟೆ ಒಗೆಯುವ ಕಲ್ಲಾದರು, ಕೆಲವರು ಚರಂಡಿಯ ಮೇಲೆ ಮಲಗಿದರು. ನನ್ನನ್ನು ಮಾತ್ರ ಹನುಮಕ್ಕ ಬಿಟ್ಟುಕೊಡಲಿಲ್ಲ. ಶಿಶುವಿಹಾರದ ಬಾಗಿಲ ಪಕ್ಕ ಎರಡು ಗುಂಡುಕಲ್ಲಿನ ಮೇಲೆ ಬೆಂಚಿನಂತೆ ಕೂರಿಸಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟಳು. ‘ಗಣ್’ ಎಂದೆ. "ನೋಡಿದ್ರಾ ಟೀಚರಮ್ಮ," ಎಂದು ನಕ್ಕಳು.

ಈಗ ನಾನೂ ಎಲ್ಲರಂತೆ ಕೆಳಗಿನಿಂದ ನೋಡುತ್ತೇನೆ. ಮಕ್ಕಳು ನನ್ನ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಾರೆ. ಜೀವಮಾನವಿಡೀ ಮಾತಾಡುವ ಕಲ್ಲೆಂದು ಬೀಗಿದವನು ನಾನು; ಆದರೆ ನನ್ನಿಂದ ಉಪಕಾರವಾದದ್ದು ಮಾತು ನಿಂತುಹೋದ ಒಂದೇ ಒಂದು ದಿನ. ಕೇಳುವ ಕಿವಿ ಬಂದದ್ದು ನನ್ನ ಪುಣ್ಯ.

ಪಂಕಜಾಕ್ಷಿ ಟೀಚರ್ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಕೈಯಲ್ಲಿರುವ ಬೀಗದಿಂದ ನನಗೆ ಒಮ್ಮೆ ಬಡಿಯುತ್ತಾರೆ. ಹೊಸ ತಾರಸಿ ಅವರ ಕೈಗೆ ಎಟುಕುವುದಿಲ್ಲ, ಅದಕ್ಕೇ ನನ್ನನ್ನು ಕೇಳುತ್ತಾರೆ. ನಾನು ‘ಗಣ್’ ಎನ್ನುತ್ತೇನೆ. ಆಮೇಲೆ ಮಕ್ಕಳನ್ನು ಒಳಗೆ ಬಿಡುತ್ತಾರೆ.