ಮಾವನವರು ಮೇಜು ಹತ್ತಿದ್ದು

ಲಲಂತನ ಬಲಗಣ್ಣಿಗೆ ಯಾರೋ ಪುಣ್ಯಾತ್ಮರು ದಾನ ಮಾಡಿಹೋದ ಕಾರ್ನಿಯಾ ಹೊಲಿದು ಕೆಲವೇ ವಾರಗಳಾಗಿದ್ದವು. ನೋಟ ಮೆಲ್ಲಮೆಲ್ಲಗೆ ತಿಳಿಯಾಗುತ್ತದೆ, ಸದ್ಯಕ್ಕೆ ತಲೆ ಬಗ್ಗಿಸಬೇಡ, ಭಾರ ಎತ್ತಬೇಡ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಹೇಳುವವರಿಗೇನು, ಹೇಳುತ್ತಾರೆ. ಸಿಂಹಳ ಹೊಸ ವರ್ಷದ ದಿನ ವೀಳ್ಯದೆಲೆ ಕೊಟ್ಟು ಮಾವನ ಕಾಲಿಗೆ ಬೀಳದ ಅಳಿಯ ಶ್ರೀಲಂಕಾದ ಮಾತರ ಪಟ್ಟಣದಲ್ಲಿ ಇನ್ನೂ ಹುಟ್ಟಿಲ್ಲ.

ಹೋದ ವರ್ಷ ಬಿದ್ದಿದ್ದ, ಸುಳ್ಳಲ್ಲ. ಆದರೆ ಆಗಿನ ಮಂಜುಗಣ್ಣಿಗೆ ಬಿಳಿ ಲುಂಗಿ ಉಟ್ಟವರೆಲ್ಲ ಮಾವನೇ. ಮಾವನೊಂದಿಗಿದ್ದ ಹಲಸಿನ ಮರದ ಜಗಳ ಮರೆಯೋಣವೆಂದು ಬಂದಿದ್ದ ಪಕ್ಕದ ಮನೆಯ ದಯಾರತ್ನನ ಕಾಲಿಗೆ ಅಡ್ಡಬಿದ್ದ. ಆ ಮಹಾನುಭಾವನೋ, ಬೇಡವೆನ್ನದೆ ತಲೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಹರಸಿದ. ಅಂದಿನಿಂದ ಮಾವ ಅಮರತುಂಗ, ನಿವೃತ್ತ ಸ್ಟೇಷನ್ ಮಾಸ್ಟರು, ಅಳಿಯನೊಂದಿಗೆ ಮಾತು ಬಿಟ್ಟರು. ಎದುರಿಗೇ ಕೂತಿದ್ದರೂ ಉಪ್ಪು ಬೇಕಾದರೆ ಮಗಳನ್ನು ಕೂಗುತ್ತಿದ್ದರು. ತಂದೆಯಿಲ್ಲದೆ ಬೆಳೆದ ಲಲಂತನಿಗೆ ಹಿರಿಯರೆಂದು ಇದ್ದವರು ಅವರೊಬ್ಬರೇ. ಈ ಸಲವೂ ತಪ್ಪಿದರೆ ಆ ಬಾಯಿ ಇನ್ನು ತೆರೆಯುವುದಿಲ್ಲ ಎಂದು ಅವನು ಒಳಗೊಳಗೇ ಕೊರಗಿದ.

ದಾರಿ ತೋರಿದವಳು ಹೆಂಡತಿ ಇರೋಮಿ.

"ನೀವು ಬಗ್ಗಬಾರದು, ಅಷ್ಟೇ ತಾನೆ? ಅಪ್ಪ ಮೇಲೆ ಹತ್ತಲಿ."

ಮಾವ ಕೆಂಡಾಮಂಡಲವಾದರು. ಆದರೆ ನಮಸ್ಕಾರಕ್ಕೆ ಪಂಚಾಂಗ ಗೊತ್ತುಮಾಡಿದ ಶುಭಗಳಿಗೆ ಹತ್ತಿರವಾಗುತ್ತಿತ್ತು. ಜನ್ಮವಿಡೀ ರೈಲು ತಡವಾದರೆ ಹಾರಾಡುತ್ತಿದ್ದವರು ಈಗ ನಿಮ್ಮ ಗಳಿಗೆಯನ್ನೇ ತಪ್ಪಿಸುತ್ತೀರಲ್ಲ ಎಂದು ಅತ್ತೆ ಕುಟುಕಿದರು. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಇಸ್ತ್ರಿ ಲುಂಗಿಯ ಸ್ಟೇಷನ್ ಮಾಸ್ಟರು, ಅವರ ತಲೆಗೆ ಅಟ್ಟದ ಜೇಡರ ಬಲೆ. ಗಳಿಗೆ ಕೂಡಿಬಂತು, ಊರೆಲ್ಲ ಪಟಾಕಿ ಸಿಡಿಯಿತು. ಲಲಂತ ಮಂಡಿಯೂರಿದ, ಕತ್ತು ನೆಟ್ಟಗೇ ಇತ್ತು, ಪಾದ ಸರಿಯಾಗಿ ಹಣೆಯ ಮಟ್ಟಕ್ಕೆ ಬಂತು. ಒಮ್ಮೆ ಕೆಟ್ಟ ಮೇಲೆ ಬುದ್ಧಿ ಬರಲೇಬೇಕಲ್ಲ, ಮೊದಲು ಮುಖ ನೋಡಿದ. ಅಂಚುಗಳು ಇನ್ನೂ ತುಸು ಅಲುಗಾಡಿದರೂ ಮೂಗಿನ ಮೇಲಿನ ನರಹುಲಿ ಸ್ಪಷ್ಟವಾಗಿತ್ತು. ಸಂದೇಹವಿಲ್ಲ, ಮಾವನೇ. ವೀಳ್ಯದೆಲೆ ಕೊಟ್ಟು ಪಾದ ಮುಟ್ಟಿ ನಮಸ್ಕರಿಸಿದ.

ಮಾವ ಕೈಯೆತ್ತಿ ಹರಸಿದರು, ಬಾಯಿ ಮಾತ್ರ ಬಿಡಲಿಲ್ಲ. ಅತ್ತೆ, ಇರೋಮಿ ಹಾಲನ್ನ ತರಲು ಒಳಗೆ ಹೋದರು. ಮಾವ ಇಳಿಯಲಿಲ್ಲ. ಮುನಿಸು ಇನ್ನೂ ಹೋಗಿಲ್ಲವೆಂದುಕೊಂಡ ಲಲಂತ. ಆಮೇಲೆ ಕಂಡಿತು: ಲುಂಗಿಯ ಒಳಗೆ ಮಾವನ ಮಂಡಿಗಳು ಗಡಗಡ ನಡುಗುತ್ತಿದ್ದವು.

"ಮಗನೇ," ಎಂದು ಮಾವ ಪಿಸುಗುಟ್ಟಿದರು, "ಹತ್ತಿದ್ದೇನೋ ಹತ್ತಿಬಿಟ್ಟೆ. ಇಳಿಯೋಕೆ ಭಯ ಆಗ್ತಿದೆ ಕಣೋ. ಅವರಿಗೆ ಹೇಳ್ಬೇಡ."

ಲಲಂತನ ಎರಡೂ ಕಣ್ಣು ತುಂಬಿಬಂದವು, ಹೊಲಿಗೆ ಹಾಕಿದ್ದೂ ಸೇರಿ.

"ನಾನು ಎತ್ತೋ ಹಾಗಿಲ್ಲ, ಅಪ್ಪಾ. ಆದ್ರೆ ಎಲ್ಲಿ ಕಾಲಿಡಬೇಕು ಅಂತ ನಂಗೆ ಚೆನ್ನಾಗಿ ಕಾಣ್ತಿದೆ. ಹೇಳ್ತೀನಿ, ಬನ್ನಿ."

ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅಳಿಯ ಹೇಳಿದಲ್ಲೆಲ್ಲ ಕಾಲಿಡುತ್ತ ಮಾವ ಇಳಿದು ಬಂದರು.