ಬಿರಡೆ

ಕೂತ ಸೀಟೇ ತನ್ನನ್ನು ಮೇಲಕ್ಕೆತ್ತುತ್ತಿದೆ ಎಂದು ದೇವರಾಜನಿಗೆ ಅನಿಸಿದಾಗ, ಮೀನಿನ ಟೆಂಪೊ ಹೊನ್ನಾವರ ದಾಟಿ ಬಲತಿರುವಿನ ನಟ್ಟನಡುವೆ ಇತ್ತು. ಬಲಗಡೆಯ ಚಕ್ರಗಳು ನೆಲ ಬಿಟ್ಟಿದ್ದವು. ಕೈ ಸ್ಟೇರಿಂಗನ್ನು ಇನ್ನಷ್ಟು ಬಲಕ್ಕೆ ಎಳೆಯಲು ಹೊರಟಿತು, ಅವನು ಎಳೆಯಗೊಡಲಿಲ್ಲ. ಹಲ್ಲು ಕಚ್ಚಿ ನೇರ ಮಾಡಿದ. ಗಾಡಿ ಡಾಂಬರು ಬಿಟ್ಟು ಎಡಬದಿಯ ಜಲ್ಲಿಗಿಳಿಯಿತು. ಬಲಚಕ್ರಗಳು ಧೊಪ್ಪನೆ ನೆಲ ಕಂಡವು.

ಬೆಳಗಿನ ಎಂಟು ಗಂಟೆ. ಕಣ್ಣು ಮುಚ್ಚಿರಲಿಲ್ಲ. ವೇಗದ ಮುಳ್ಳು ಎಂದಿಗಿಂತ ಮೇಲೇರಿರಲಿಲ್ಲ.

ಹೋದ ವರ್ಷ ಇದೇ ತಿರುವಿನಲ್ಲಿ ಇದೇ ಟೆಂಪೊ ಎಡಕ್ಕೆ ಮಗುಚಿತ್ತು. ಪಕ್ಕದಲ್ಲಿದ್ದ ಅಕ್ಕನ ಗಂಡ ಹೊನ್ನನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಡ್ರೈವರ್ ನಿದ್ದೆ ಹೋದ ಎಂದು ಊರು ಹೇಳಿತು, ಅಕ್ಕ ಹೇಳಿದಳು, ಕೊನೆಗೆ ದೇವರಾಜನೂ ನಂಬಿದ. ಸೀಟು ಎದ್ದದ್ದೊಂದನ್ನು ಬಿಟ್ಟು ಅವನಿಗೆ ಬೇರೇನೂ ನೆನಪಿರಲಿಲ್ಲ. ಅಂದಿನಿಂದ ಮಲಗುವುದೆಂದರೇ ಹೆದರಿಕೆ.

ಹಾಗಾದರೆ ಎಚ್ಚರವಿದ್ದಾಗಲೂ ಇವತ್ತು ಸೀಟು ಎದ್ದದ್ದೇಕೆ?

ಗಾಡಿ ನಿಲ್ಲಿಸಿ ಹಿಂದೆ ಹತ್ತಿ ನೋಡಿದ. ಕ್ರೇಟುಗಳ ಕೆಳಗೆ ಐಸು ಕರಗಿ ಗೇಣಾಳದ ನೀರು. ಎಡಗೋಡೆ ಎದೆಯೆತ್ತರದವರೆಗೆ ಒದ್ದೆ, ಬಲಗೋಡೆ ಒಣಗಿತ್ತು. ಗಾಡಿ ತಿರುಗಿತ್ತು, ನೀರು ತಿರುಗಿರಲಿಲ್ಲ. ಹೋಗುತ್ತಿದ್ದ ದಿಕ್ಕಿಗೇ ನುಗ್ಗಿ ಎಡಗೋಡೆಯನ್ನೇರಿ, ಸನ್ನೆಗೋಲಿನಿಂದ ಬಂಡೆ ಎಬ್ಬಿಸಿದಂತೆ, ಎಡಚಕ್ರಗಳ ಮೇಲೆ ಇಡೀ ಗಾಡಿಯನ್ನು ಎಬ್ಬಿಸಿತ್ತು.

ಮೀನುನೀರು ಸೋರಿ ಬೈಕಿನವರು ಜಾರುತ್ತಾರೆಂದು ಬೆಳಿಗ್ಗೆ ಶಿರಾಲಿಯ ಅಂಗಡಿಯವರು ಗದರಿದ್ದರು. ನೀರು ಹೊರಹೋಗಲೆಂದು ಗಾಡಿಯ ತಳದಲ್ಲಿ ಕೊರೆದ, ವರ್ಷದಿಂದ ತೆರೆದೇ ಇದ್ದ ತೂತಿಗೆ ಅವನು ಮರದ ಬಿರಡೆಯನ್ನು ಬಡಿದಿದ್ದ. ಅದು ಹೊನ್ನ ಕೆತ್ತಿದ ಬಿರಡೆ. ಹೋದ ವರ್ಷ ಗಾಡಿ ಮಗುಚಿದ ದಿನವೂ ಶಿರಾಲಿಯಲ್ಲಿ ಇಳಿದು ಅದನ್ನು ಬಡಿದು ಬಂದವನು ಹೊನ್ನನೇ. "ಆತು, ಇನ್ನು ಯಾರೂ ಎಂತದೂ ಹೇಳುಕಿಲ್ಲ" ಎಂದಿದ್ದ.

ದೇವರಾಜ ಬಿರಡೆ ಕಿತ್ತ. ನೀರು ಜಲ್ಲಿಗೆ ಧುಮುಕಿತು. ತಾನು ನಿದ್ದೆ ಹೋಗಿರಲಿಲ್ಲ. ಭಾವನಿಗೆ ಹೇಳಬೇಕು, ಇವತ್ತೇ.

ಕುಮಟಾದಲ್ಲಿ ಮೀನು ಇಳಿಸಿ ಅಘನಾಶಿನಿಗೆ ಬಂದಾಗ ಹೊನ್ನ ಜಗಲಿಯಲ್ಲಿ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದ.

"ಎಂತ ಮಾರಾಯ, ಎಚ್ಚರ ಇದ್ಯಾ, ನಿದ್ದಿಯಲ್ಲೇ ಬಂದ್ಯಾ?"

"ಎಚ್ಚರ ಇದ್ದೆ ಭಾವ. ಒಂದ್ ಮಾತ್ ಹೇಳುಕಿತ್ತು."

"ಸಪ್ಪೆ ಮುಖ ಮಾಡ್ಬೇಡ. ನಿನ್ ಮೇಲೆ ನಂಗೆ ಸಿಟ್ಟಿಲ್ಲ. ನಿದ್ದಿ ಯಾರಿಗ್ ಬರುದಿಲ್ಲ? ನನ್ ಕೈಯಿಂದ್ಲೇ ಆಗಿದ್ರೆ ಮಾತ್ರ ಹೊಳಿಗ್ ಹಾರ್ತಿದ್ದೆ." ಹೊನ್ನ ಕತ್ತು ಚಾಚಿ ಟೆಂಪೊ ನೋಡಿದ. "ಅಯ್ಯೋ, ಅಂಗಳ ಎಲ್ಲ ಮೀನ್‌ನೀರು! ನಾ ಮಾಡ್ಕೊಟ್ಟ ಬಿರಡೆ ಎಲ್ಲಿ?"

ದೇವರಾಜನ ಕೈ ಪ್ಯಾಂಟಿನ ಜೇಬಿನ ಮೇಲಿತ್ತು.

"ಕಳ್ದೋಯ್ತು."

"ಅದೂ ನಿದ್ದಿಯಲ್ಲೇ?" ಹೊನ್ನ ನಕ್ಕು ಒಳಗೆ ಕೂಗಿದ. "ಸೋಮೀ, ಕತ್ತಿ ತಾ. ನಿನ್ ತಮ್ಮಂಗೆ ಇನ್ನೊಂದ್ ಕೆತ್ತಿ ಕೊಡ್ತೆ."

"ಬೇಡ ಭಾವ." ದನಿ ತುಸು ಜೋರಾಯಿತು. "ಸೋರ್ಲಿ. ಇನ್ಮೇಲೆ ಸೋರ್ಲಿ."

"ಆತು, ಆತು. ಹೇಳುಕಿತ್ತು ಅಂದ್ಯಲ್ಲ, ಎಂತದು?"

ದೇವರಾಜ ಹೊನ್ನನ ಎಡ ಮೊಣಕಾಲಿಗೇ ಮಡಚಿದ ಪಂಚೆಯನ್ನು ನೋಡಿದ.

"ಎಂತ ಇಲ್ಲ. ರಾತ್ರಿ ನಿದ್ದಿ ಆಗ್ಲಿಲ್ಲ. ಇಲ್ಲೇ ಒಂದ್ ಗಳಿಗೆ ಒರಗ್ತೆ."

ಜಗಲಿಯ ತಣ್ಣನೆಯ ನೆಲಕ್ಕೆ ಬೆನ್ನು ಹಚ್ಚಿದ. ಜೇಬಿನಲ್ಲಿದ್ದ ಬಿರಡೆಯ ತೇವ ತೊಡೆಗಿಳಿಯುತ್ತಿತ್ತು. ಅಂಗಳದಲ್ಲಿ ಟೆಂಪೊ ತೊಟ್ಟು ತೊಟ್ಟಾಗಿ ಸೋರುವುದು ಕೇಳಿಸುತ್ತಿತ್ತು. ಏಳೆಂಟು ತೊಟ್ಟು ಎಣಿಸುವಷ್ಟರಲ್ಲಿ ಅವನ ಕಣ್ಣು ಮುಚ್ಚಿಕೊಂಡಿತು.