ಬಾಯಿ ತುಂಬ ನೀರು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನ ಗಂಟಲು ಎಂದರೆ ಸಾಮಾನ್ಯವೇ? ಈ ಗೇಟಿನಲ್ಲಿ ನಿಂತು ಅವನು ಟೊಮೆಟೊ ಬೆಲೆ ಕೂಗಿದರೆ ಆ ಗೇಟಿನಲ್ಲಿ ಲಾರಿಯೊಳಗೆ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಮಂಡಿಯವರು ಅವನಿಗೆ ಇಟ್ಟ ಹೆಸರು ಮೈಕಣ್ಣ. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ನೋಡಿ, ಅದೇ ಮೈಕಣ್ಣ ಭಾನುವಾರ ಬೆಳಿಗ್ಗೆ ಬೇಲಿ ಹಾರಿಸುವ ಕುದುರೆ ಸ್ಪರ್ಧೆಯ ಮೈದಾನದ ಕಟಕಟೆ ಹಿಡಿದುಕೊಂಡು, ಬೈಸಿಕೊಂಡ ಹುಡುಗನ ಹಾಗೆ ತುಟಿ ಬಿಗಿದು ನಿಂತಿದ್ದ.

ಕಾರಣ ಅವನ ಮಗಳು. ಹತ್ತನೇ ಕ್ಲಾಸಿನ ಹುಡುಗಿ. ಬೆಳಗಾದರೆ ಕುದುರೆ ಲಾಯಕ್ಕೆ ಹೋಗಿ ಲದ್ದಿ ಬಾಚಿ, ನೀರು ಹೊತ್ತು, ಅದಕ್ಕೆ ಬದಲಾಗಿ ಸವಾರಿ ಕಲಿಯುತ್ತಿದ್ದಳು. ಅವಳ ಪಾಲಿಗೆ ಬಂದ ಕುದುರೆ ಲಾಯದಲ್ಲೇ ಹಳೆಯದು, ಹೊಟ್ಟೆ ಜೋತುಬಿದ್ದ ಕಂದು ಬಣ್ಣದ್ದು. ಎಲ್ಲರೂ ಅದನ್ನು ತಾತ ಅಂತಲೇ ಕರೆಯುವುದು. ಮನಸ್ಸು ಬಂದರೆ ತಾತ ಬೇಲಿ ಹಾರುತ್ತಾನೆ, ಬಾರದಿದ್ದರೆ ಬೇಲಿಯ ಮುಂದೆ ನಿಂತು ಹುಲ್ಲು ಮೂಸುತ್ತಾನೆ. ಮಗಳಿಗೆ ಎರಡೂ ಒಂದೇ. ಬೇಲಿಯ ಅಡ್ಡಕಂಬ ಬೀಳಿಸಿದರೂ ನಗು, ತಾನೇ ಬಿದ್ದರೂ ನಗು. ಹೊರಗೆ ಬಂದು ತಾತನ ಕುತ್ತಿಗೆ ತಟ್ಟಿ, "ಏನ್ ಮಜಾ ಇತ್ತಪ್ಪಾ!" ಅನ್ನುವಳು. ಅಪ್ಪನಿಗೋ ಹೊಟ್ಟೆ ಉರಿ. ಬೇರೆಯವರ ಮಕ್ಕಳು ಗೆದ್ದ ರಿಬ್ಬನ್ ಸಿಕ್ಕಿಸಿಕೊಂಡು ಮೆರೆಯುವಾಗ ತನ್ನ ಮಗಳು ಬರಿಗೈಯಲ್ಲಿ ಹಲ್ಲು ಕಿರಿಯುತ್ತ ಬರುವುದು ಯಾವ ನ್ಯಾಯ?

ಹೋದ ಸಲ ತಾತ ನಾಲ್ಕು ಬೇಲಿ ಸಲೀಸಾಗಿ ಹಾರಿದ್ದ. ಐದನೆಯದಕ್ಕೆ ತಿರುಗಿಸುವಾಗ ಮಗಳು ಒಂದು ಚೂರು ತಡಮಾಡಿದಳು, ಅಷ್ಟೇ. ಮೈಕಣ್ಣನ ಬಾಯಿ ತಡೆಯಲಿಲ್ಲ. "ಎಡಕ್ಕೇ ಪುಟ್ಟೀ! ಎಡಕ್ಕೇ ತಿರುಗ್ಸೇ!" ಆ ಅಬ್ಬರಕ್ಕೆ ಹೊರಗೆ ಕಟ್ಟಿದ್ದ ಕುದುರೆಗಳೂ ಎಡಕ್ಕೆ ತಿರುಗಿದವು ಅಂತ ಅವನ ಹೆಂಡತಿ ಆಮೇಲೆ ಹೇಳಿದ್ದುಂಟು. ತೀರ್ಪುಗಾರರು ಟಣಟಣ ಗಂಟೆ ಬಾರಿಸಿದರು. ಹೊರಗಿನವರು ದಾರಿ ಹೇಳಿಕೊಟ್ಟರೆ ಒಳಗಿನ ಸವಾರ ಔಟ್, ಅದು ಅಲ್ಲಿನ ನಿಯಮ. ಇವನು ಅಲ್ಲಿಗಾದರೂ ಸುಮ್ಮನಾಗಬೇಕೋ ಬೇಡವೋ? ಹೋಗಿ ಅವರ ಮೇಜು ಬಡಿದು ಜಗಳ ತೆಗೆದ. ಮಗಳು ಎಲ್ಲರೆದುರು ತಲೆ ತಗ್ಗಿಸಿಕೊಂಡು ಹೊರಬಂದಳು. ಆವತ್ತು ಅವಳು ನಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೇಳಿದಳು:

"ಇನ್ನೊಂದ್ ಸಲ ನೀನು ಬಾಯ್ ಬಿಟ್ರೆ ನಾನು ಸವಾರಿನೇ ಬಿಟ್ಬಿಡ್ತೀನಪ್ಪ. ಸೋತ್ರೆ ನಂಗೇನೂ ಬೇಜಾರಿಲ್ಲ. ನಿನ್ ಕೂಗು ಕೇಳಿದ್ರೆ ಇದೆಲ್ಲಾ ಯಾಕಾದ್ರೂ ಬೇಕು ಅನ್ಸುತ್ತೆ."

ಅವಳು ಅಂದಂತೆ ಮಾಡುವ ಪೈಕಿ, ಅಪ್ಪನ ಹಠವೇ ಬಂದಿದೆ. ಅಂದಿನಿಂದ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ಮೈಕಣ್ಣನಿಗೆ ಅನ್ನ ರುಚಿಸುತ್ತಿರಲಿಲ್ಲ. ಈ ಸಲ ಬಾಯಿ ಬಿಡುವುದಿಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಿ ಬಂದಿದ್ದ.

ಹೆಂಡತಿಗೆ ಆ ಆಣೆಯ ಮೇಲೆ ಕಾಸಿನಷ್ಟೂ ನಂಬಿಕೆಯಿರಲಿಲ್ಲ. ಅವಳು ಬಟ್ಟೆ ಹೊಲಿಯುವವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅರ್ಧ ದಿನ ಮಾತಿಲ್ಲದೆ ಇರಬಲ್ಲವಳು. ಚೀಲದಿಂದ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದಳು.

"ರೀ, ಬಾಯ್ತುಂಬ ನೀರು ತುಂಬ್ಕೊಳ್ಳಿ. ಕೂಗ್ಬೇಕು ಅನ್ಸಿದ್ರೂ ಕೂಗಕ್ಕಾಗಲ್ಲ."

"ನಾನೇನ್ ಚಿಕ್ಕ ಮಗುನಾ?"

"ಚಿಕ್ಕ ಮಗು ಆಗಿದ್ರೆ ಹೇಳಿದ್ ಮಾತು ಕೇಳ್ತಿತ್ತು. ತಗೊಳ್ಳಿ."

ತುಂಬಿಕೊಂಡ. ಎರಡೂ ಕೆನ್ನೆ ಉಬ್ಬಿಸಿಕೊಂಡು ನಿಂತವನನ್ನು ನೋಡಿ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಹಲ್ಲುನೋವೇ ಅಂತ ಕೇಳಿದರು. ಹೆಂಡತಿ ಹೌದು ಅಂದಳು.

ಶುರುವಿನ ಗಂಟೆ ಹೊಡೆಯಿತು. ತಾತ ಹೊಟ್ಟೆ ಕುಲುಕಿಸುತ್ತ ಒಳಗೆ ಬಂದ. ಒಟ್ಟು ಎಂಟು ಬೇಲಿ, ಹೇಳಿದ ಕ್ರಮದಲ್ಲೇ ಹಾರಬೇಕು. ಗೇಟಿನಲ್ಲಿ ತೂಗುಹಾಕಿದ್ದ ನಕ್ಷೆಯನ್ನು ಮೈಕಣ್ಣ ಬಂದ ಕೂಡಲೇ ಬಾಯಿಪಾಠ ಮಾಡಿದ್ದ. ದಿನವೂ ನೂರೆಂಟು ಬೆಲೆ ತಲೆಯಲ್ಲಿಟ್ಟುಕೊಳ್ಳುವವನಿಗೆ ಇದ್ಯಾವ ಮಹಾ! ಒಂದು, ಎರಡು, ಮೂರು, ಎಲ್ಲ ದಾಟಿದವು. ನಾಲ್ಕರಲ್ಲಿ ತಾತನ ಗೊರಸು ಕಂಬಕ್ಕೆ ತಾಗಿತು, ಕಂಬ ಅಲ್ಲಾಡಿತು, ಬೀಳಲಿಲ್ಲ. ಐದೂ ಆಯಿತು. ಇನ್ನು ಮೂರೇ. ಇವತ್ತು ರಿಬ್ಬನ್ ಬಂದೇ ಬರುತ್ತದೆ ಅಂತ ಅವನು ತುದಿಗಾಲಲ್ಲಿ ನಿಂತ.

ಆಗ ಮಗಳು ಬಲಕ್ಕೆ ತಿರುಗಿಸಿದಳು. ಅಯ್ಯೋ, ಆರನೆಯದು ಇರುವುದು ಎಡಕ್ಕೆ, ನೀರಿನ ಟ್ಯಾಂಕಿನ ಪಕ್ಕದ ಕೆಂಪು ಬೇಲಿ! ಬಲಕ್ಕಿರುವುದು ಎಂಟನೆಯದು. ಮೈಕಣ್ಣನ ಬಾಯಲ್ಲಿದ್ದ ನೀರು ಗುಟುಕ್ಕನೆ ಹೊಟ್ಟೆಗಿಳಿಯಿತು. ಬಾಯಿ ಖಾಲಿ.

ಏನೋ ತಪ್ಪಾಗಿದೆ ಅಂತ ಮಗಳಿಗೂ ಹೊಳೆಯಿತು. ಲಗಾಮು ಜಗ್ಗಿ ತಾತನನ್ನು ನಿಧಾನ ಮಾಡಿ, ದಾರಿ ಮರೆತವಳ ಹಾಗೆ ಸುತ್ತ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ನೇರವಾಗಿ ಅಪ್ಪನ ಮೇಲೆ ಬಂತು.

'ಎಡಕ್ಕೆ' ಅನ್ನುವ ಮಾತು ನಾಲಿಗೆ ತುದಿಗೆ ಬಂದು ಕೂತಿತ್ತು. ಬಲಗೈ ತನ್ನಷ್ಟಕ್ಕೆ ತಾನೇ ಮೇಲೇಳುತ್ತಿತ್ತು. ಕೂಗುವುದು ಬೇಡ, ಒಂದು ಬೆರಳು ತೋರಿಸಿದರೂ ಸಾಕು, ಯಾರೂ ನೋಡುವುದಿಲ್ಲ. ಆದರೆ ಅವಳು ನೋಡುತ್ತಾಳಲ್ಲ! ಮೈಕಣ್ಣ ಕೈಯೆರಡನ್ನೂ ಜೇಬಿಗೆ ತುರುಕಿದ. ಗಿರಕ್ಕನೆ ತಿರುಗಿ ಮೈದಾನಕ್ಕೆ ಬೆನ್ನು ಮಾಡಿ ನಿಂತುಬಿಟ್ಟ.

ಎದುರಿಗೆ ಕಾಣುತ್ತಿದ್ದುದು ಸಾಲಾಗಿ ನಿಲ್ಲಿಸಿದ್ದ ಕಾರುಗಳು, ಒಂದು ಕಸದ ಡಬ್ಬ. ಅದನ್ನೇ ದಿಟ್ಟಿಸಿದ. ಹಿಂದೆ ಏನೂ ಸದ್ದಿಲ್ಲ. ಹೋಯಿತು, ತಾತ ಹುಲ್ಲು ಮೂಸಲು ನಿಂತ ಅಂದುಕೊಂಡ. ಆಮೇಲೆ ಗೊರಸಿನ ಸದ್ದು ಎಡಕ್ಕೆ, ಟ್ಯಾಂಕಿನ ಕಡೆಗೆ ಸರಿಯಿತು. ಸದ್ದು ಒಮ್ಮೆ ನಿಂತು ಧಡ್ ಎಂದು ನೆಲಕ್ಕೆ ಬಿತ್ತು. ಹಾರಿದ! ಮುಂದಿನದರಲ್ಲಿ ಕಂಬವೊಂದು ಕಟಕಟ ಉರುಳಿತು. ಉರುಳಲಿ ಬಿಡು, ಓಟ ನಿಲ್ಲಲಿಲ್ಲವಲ್ಲ! ಮತ್ತೊಂದು ಜಿಗಿತ, ಹತ್ತಾರು ಜನರ ಚಪ್ಪಾಳೆ. ಕಂಬ ಬಿದ್ದದ್ದಕ್ಕೆ, ಸುತ್ತು ಹೊಡೆದದ್ದಕ್ಕೆ ಲೌಡ್‌ಸ್ಪೀಕರ್ ತಪ್ಪಿನ ಅಂಕ ಓದಿತು. ರಿಬ್ಬನ್ನಿನ ಹತ್ತಿರಕ್ಕೂ ಹೋಗುವ ಲೆಕ್ಕವಲ್ಲ ಅದು.

ಮೈಕಣ್ಣನ ಕಿವಿ ಆ ಅಂಕದ ಮೇಲಿರಲಿಲ್ಲ. ಬೆನ್ನ ಹಿಂದೆ ಮಗಳು ನಗುತ್ತಿದ್ದಳು, ಆ ಹಳೆಯ ಗಲಗಲ ನಗು. ಅವನು ತಿರುಗಿದ. ತಾತನ ಕುತ್ತಿಗೆಗೆ ಜೋತುಬಿದ್ದು ಬೆವರಿನ ಮುಖದಲ್ಲಿ ಅವಳು ಕಟಕಟೆಯ ಕಡೆಗೇ ಬರುತ್ತಿದ್ದಳು.

"ಬೆನ್ ತೋರಿಸ್ಕೊಂಡ್ ನಿಂತಿದ್ದು ನೋಡ್ದೆ ಕಣಪ್ಪಾ!" ಅಂದಳು. "ಎಲ್ಲಾ ಮುಗೀತು. ಈಗ ಕೂಗು! ಎಷ್ಟ್ ಬೇಕೋ ಅಷ್ಟು ಕೂಗು!"

ಮೈಕಣ್ಣ ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ಗಂಟಲಿನಿಂದ ಒಂದು ಸ್ವರವೂ ಹೊರಡಲಿಲ್ಲ.

"ಏನ್ರೀ, ಮತ್ತೆ ನೀರು ತುಂಬ್ಕೊಂಡ್ರಾ?" ಅಂದಳು ಹೆಂಡತಿ.

ಇಲ್ಲ ಅಂತ ತಲೆಯಾಡಿಸಿ ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.